ಕುದುರೆ ಕರೆತರುವ ಅತಿಥಿಗಳಿಗೆ ತೋಟದ ಮನೆ: ದನದ ಕೊಟ್ಟಿಗೆ ಇದ್ದರಷ್ಟೇ ಸಾಲದು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ತೋಟದ ಮನೆ ಬಾಡಿಗೆಗೆ ಕೊಡುವವರಲ್ಲಿ ದನದ ಕೊಟ್ಟಿಗೆ, ಕಣಿಕೆ ಬಣವೆ, ಕೊಳವೆಬಾವಿ ಇದ್ದೇ ಇರುತ್ತವೆ. ಕುದುರೆಗೂ ಇಷ್ಟು ಸಾಕೆಂದು ತಿಳಿದಲ್ಲೇ ಅಪಾಯ ಶುರುವಾಗುತ್ತದೆ. ದನ ಮೆಲುಕು ಹಾಕುತ್ತದೆ. ಕುದುರೆಯದು ಒಂದೇ ಸಣ್ಣ ಹೊಟ್ಟೆ, ಅದಕ್ಕೆ ವಾಂತಿ ಮಾಡಲು ಬಾರದು. ದನಕ್ಕೆ ಅರಗುವ ಎಷ್ಟೋ ತಿನಿಸು ಕುದುರೆಯ ಜೀವ ತೆಗೆಯುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಮೇವು. 350ರಿಂದ 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣ ಮೇವು ಬೇಕು. ಅದನ್ನು ಎರಡೇ ಹೊತ್ತಿಗೆ ಸುರಿಯಬೇಡಿ, ನಾಲ್ಕೈದು ಸಲ ಹಂಚಿ ಹಾಕಿ. ಮೇವು ಬದಲಿಸುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಂಡು ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ಎರಡು ದಿನಕ್ಕೆ ಬರುವ ಅತಿಥಿಗೆ ಆ ಅವಕಾಶವೇ ಇಲ್ಲ. ಆದ್ದರಿಂದ ಕಾಯ್ದಿರಿಸುವಾಗಲೇ ಮನೆಯ ಮೇವನ್ನೂ ದಾಣಿಯನ್ನೂ ತರಲು ಹೇಳಿ. ನೀವು ತುರ್ತಿಗೆಂದು ಚೆನ್ನಾಗಿ ಒಣಗಿದ, ಬೂಸು ಹಿಡಿಯದ ಕರಡ ಹುಲ್ಲನ್ನು ಇಟ್ಟುಕೊಳ್ಳಿ.

ಹಸಿ ಜೋಳದ ಮೇವು ಬೇಡವೇ ಬೇಡ. ಎಳೆಯ ಜೋಳ, ಕೂಳೆ ಜೋಳ ತಿಂದು ದನ ಸಾಯುವುದು ಇಲ್ಲಿನ ರೈತರಿಗೆ ಗೊತ್ತು. ಕುದುರೆಯಲ್ಲಿ ಅದರ ಕೇಡು ಬೇರೆ ರೀತಿ ಕಾಣುತ್ತದೆ. ವಾರಗಟ್ಟಲೆ ಮೇಯ್ದರೆ ನರ ಕೆಟ್ಟು ಹಿಂಗಾಲು ಸೋಲುತ್ತವೆ, ಮೂತ್ರ ತೊಟ್ಟಿಕ್ಕುತ್ತದೆ. ಬೂಸು ಹಿಡಿದ ಗೋವಿನಜೋಳ ಇನ್ನೂ ಕೆಟ್ಟದ್ದು, ಅದರ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ. ಕೋಳಿ ಆಹಾರವನ್ನೂ ದನದ ಆಹಾರವನ್ನೂ ಕುದುರೆಗೆ ಹಾಕಲೇಬೇಡಿ. ಅವುಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿರಬಹುದು, ಅದು ಸ್ವಲ್ಪ ಹೋದರೂ ಕುದುರೆಯ ಹೃದಯ ನಿಲ್ಲುತ್ತದೆ. ಕಬ್ಬಿನ ಕಟಾವಿನ ಹೊತ್ತಿಗೆ ಬಂದವರು ಪ್ರೀತಿಯಿಂದ ಬೆಲ್ಲದ ಅಚ್ಚನ್ನೇ ತಿನ್ನಿಸಲು ಹೋಗುತ್ತಾರೆ. ಒಂದು ಸಣ್ಣ ತುಂಡಿಗೆ ನಿಲ್ಲಿಸಿ. ಕಾಳಿನ ಚೀಲಗಳಿರುವ ಕೋಣೆಗೆ ಕೆಳಗೂ ಒಂದು ಚಿಲಕ ಹಾಕಿಸಿ. ರಾತ್ರಿ ಬಿಚ್ಚಿಕೊಂಡ ಕುದುರೆ ಕಾಳಿನ ಚೀಲಕ್ಕೆ ಬಾಯಿ ಹಾಕಿದರೆ ಮರುದಿನಕ್ಕೆ ಹೊಟ್ಟೆನೋವು, ಅದರ ಹಿಂದೆಯೇ ಗೊರಸಿನ ಉರಿಯೂತ.

ಅಂಗಳದ ಗಿಡಗಳನ್ನು ಒಮ್ಮೆ ಸುತ್ತಿ ನೋಡಿ. ಕಣಗಿಲೆ ಬೇಲಿಯನ್ನು ಬೇರುಸಹಿತ ತೆಗೆಸಿ, ಅದರ ಒಣ ಎಲೆಯೂ ವಿಷ. ಔಡಲ ಬೀಜವೂ ಮದಗುಣಕಿಯೂ ಹತ್ತಿರ ಇರಬಾರದು.

ನೀರು ಸಾಮಾನ್ಯ ದಿನ 30ರಿಂದ 40 ಲೀಟರ್ ಬೇಕು, ಏಪ್ರಿಲ್-ಮೇ ಬಿಸಿಲಿಗೆ 60 ಲೀಟರ್‌ವರೆಗೂ. ಸವಳು ನೀರನ್ನು ಹೊಸ ಕುದುರೆ ಮೂಸಿ ಬಿಟ್ಟುಬಿಡುತ್ತದೆ, ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗುತ್ತದೆ. ಸಿಹಿನೀರಿನ ಡ್ರಮ್ ಒಂದನ್ನು ಬೇರೆ ಇಡಿ. ಬಕೆಟ್‌ನಲ್ಲೇ ಕುಡಿಸಿದರೆ ಎಷ್ಟು ಕುಡಿಯಿತೆಂಬ ಲೆಕ್ಕವೂ ಸಿಗುತ್ತದೆ.

ಲಾಯದ ಒಂದು ಕೋಣೆ 12 ಅಡಿಗೆ 12 ಅಡಿ ಇರಲಿ. ಭೀಮಥಡಿಯಂಥ ಗಿಡ್ಡ ತಳಿಗೆ 10 ಅಡಿಗೆ 10 ಅಡಿ ಸಾಕು. ಬಾಗಿಲು 4 ಅಡಿ ಅಗಲ, 8 ಅಡಿ ಎತ್ತರ. ಸೂರು 10 ಅಡಿಗಿಂತ ಕೆಳಗೆ ಬರಬಾರದು. ದನದ ಕೊಟ್ಟಿಗೆಯಲ್ಲಿ ಸಾಮಾನ್ಯವಾಗಿ ಎಡವುವುದು ಇಲ್ಲೇ, ತಲೆ ಎತ್ತಿದ ಕುದುರೆಗೆ ತೊಲೆ ಬಡಿಯುತ್ತದೆ. ಫರಸಿ ಹಾಸಿದ ನೆಲದಲ್ಲಿ ಲಾಳ ಜಾರುತ್ತದೆ. ಗರಸು ಹಾಕಿ ದಮ್ಮಸು ಮಾಡಿಸಿ, ಮೇಲೆ ಆರು ಇಂಚು ಒಣ ಕಟ್ಟಿಗೆ ಹೊಟ್ಟು ಹಾಸಿ. ಕಬ್ಬಿನ ರವದಿಯನ್ನು ಕೆಳಗೆ ಹಾಸಿದರೆ ಕುದುರೆ ತಿನ್ನುತ್ತದೆ. ಅದನ್ನು ತಗಡಿನ ಮೇಲೆ ಹೊದಿಸಿ, ಬೇಸಿಗೆಯ ಕಾವು ಇಳಿಯುತ್ತದೆ. ನಮ್ಮ ಕಡೆ ಬೀಜ ಒಡೆಯದ ಗಂಡು ಕುದುರೆಗಳೇ ಹೆಚ್ಚು, ಆದ್ದರಿಂದ ನಡುವಿನ ಗೋಡೆ 7 ಅಡಿ, ಸಂದಿಲ್ಲದಂತೆ ಗಟ್ಟಿಯಾಗಿರಲಿ. ಹೆಣ್ಣು ಕುದುರೆಯನ್ನು ಗಾಳಿ ಬರುವ ದಿಕ್ಕಿನಲ್ಲಿ ಕಟ್ಟಬೇಡಿ, ವಾಸನೆಗೆ ಗಂಡು ಕುದುರೆ ರಾತ್ರಿಯಿಡೀ ಒದೆಯುತ್ತದೆ.

ಮುಳ್ಳುತಂತಿ ಬೇಲಿ ಇದ್ದಲ್ಲಿ ಕುದುರೆ ಬಿಡಬಾರದು. ಬೆದರಿ ಓಡಿದಾಗ ಕಾಲಿನ ಚರ್ಮ, ಸ್ನಾಯು ಎರಡೂ ಹರಿಯುತ್ತವೆ. ನಾಲ್ಕೂವರೆ ಅಡಿ ಎತ್ತರದ ಕಟ್ಟಿಗೆ ಗಳ, ಇಲ್ಲವೇ ಅಗಲ ಪಟ್ಟಿಯ ಸೋಲಾರ್ ಝಟಕಾ ಬೇಲಿ ಸರಿ. ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆ, ಜೋತ ತಂತಿಗಳನ್ನು ಎಲೆಕ್ಟ್ರಿಶಿಯನ್‌ಗೆ ತೋರಿಸಿ, ಲಾಯದ ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಕೂರಿಸಿ. ಮನುಷ್ಯನಿಗೆ ಜುಮ್ ಎನಿಸಿ ಬಿಡುವ ಕರೆಂಟಿಗೆ ಲಾಳ ಹಾಕಿದ ಕುದುರೆ ಬಿದ್ದುಹೋಗುತ್ತದೆ. ಮನೆಯಲ್ಲಿ ಮುಧೋಳ ನಾಯಿ ಇದ್ದರೆ ಕಟ್ಟಿ ಹಾಕಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ.

ಬರುವ ಮೊದಲೇ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಧನುರ್ವಾಯು ಹಾಗೂ ರೇಬೀಸ್ ಲಸಿಕೆಯ ದಾಖಲೆ, ಗ್ಲ್ಯಾಂಡರ್ಸ್ ಇಲ್ಲವೆಂಬ ರಕ್ತಪರೀಕ್ಷೆಯ ವರದಿ ತರಿಸಿಕೊಳ್ಳಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ರೋಗ, ಕಂಡುಬಂದರೆ ಸರಕಾರಕ್ಕೆ ತಿಳಿಸಲೇಬೇಕು. ಈ ಕಾಗದದಲ್ಲಿ ಯಾರಿಗೂ ರಿಯಾಯಿತಿ ಕೊಡಬೇಡಿ, ಬಂಧುಗಳಾದರೂ ಸರಿ.

ಗಾಡಿ ತಿರುಗಲು ಜಾಗವೂ, ಇಳಿಸಲು ಗಾಡಿಯ ಹಾಸಿನ ಎತ್ತರಕ್ಕೆ ಸಮನಾದ ಮಣ್ಣಿನ ದಿಬ್ಬವೂ ಬೇಕು. ಇಳಿದ ಕೂಡಲೇ ಹತ್ತು ನಿಮಿಷ ನಡೆಸಿ, ನೀರು ಕೊಡಿ, ಆಮೇಲೆ ಒಣ ಹುಲ್ಲು. ದಾಣಿ ಒಂದು ತಾಸಿನ ನಂತರ. ಮೈ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ತಲೆ ಎತ್ತಿ ಕಟ್ಟಿಕೊಂಡು ದೂರ ಬಂದ ಕುದುರೆಗೆ ಒಂದೆರಡು ದಿನದ ಮೇಲೆ ಜ್ವರ, ಪುಪ್ಪುಸದ ಸೋಂಕು ಬರುವುದುಂಟು, ಹಾಗಾಗಿ ಮೂರು ದಿನ ಬೆಳಿಗ್ಗೆ-ಸಂಜೆ ಅಳೆಯಿರಿ. ಹೊಟ್ಟೆ ಕಡೆ ತಿರುತಿರುಗಿ ನೋಡುವುದು, ನೆಲ ಕೆರೆಯುವುದು, ಹೊರಳಾಡುವುದು ಕಂಡರೆ ಮೇವು ತೆಗೆದುಬಿಡಿ, ಪಶುವೈದ್ಯರಿಗೆ ಫೋನ್ ಮಾಡಿ. ಪಶು ಚಿಕಿತ್ಸೆಯ ಸಹಾಯವಾಣಿ 1962 ಸಂಖ್ಯೆಯನ್ನೂ ಕುದುರೆ ನೋಡಿ ಬಲ್ಲ ವೈದ್ಯರ ಸಂಖ್ಯೆಯನ್ನೂ ಲಾಯದ ಗೋಡೆಗೆ ದೊಡ್ಡದಾಗಿ ಬರೆಸಿ. ವೈದ್ಯರು ಬರುವವರೆಗೆ ಕುದುರೆಯನ್ನು ತುಸು ನಡೆಸಬಹುದು, ಆದರೆ ಕೈಗೆ ಸಿಕ್ಕ ಎಣ್ಣೆ, ಕಷಾಯ ಗಂಟಲಿಗೆ ಹೊಯ್ಯಬೇಡಿ. ಅದು ಪುಪ್ಪುಸಕ್ಕೆ ಇಳಿಯುತ್ತದೆ.

ಸವಾರಿಗೆ ಮಡ್ಡಿ ನೆಲ ಒಳ್ಳೆಯದು. ಎರೆ ಭೂಮಿ ಮಳೆಯಲ್ಲಿ ಲಾಳ ಕೀಳುತ್ತದೆ, ಬೇಸಿಗೆಯಲ್ಲಿ ಅದರ ಬಿರುಕಿಗೆ ಕಾಲು ಸಿಕ್ಕುತ್ತದೆ. ಘಟಪ್ರಭಾ, ಮಲಪ್ರಭಾ ಕಾಲುವೆಗಳ ದಂಡೆ ನೋಡಲು ಚೆಂದ, ಆದರೆ ಕಾಂಕ್ರೀಟ್ ಇಳಿಜಾರಿಗೆ ಬಿದ್ದ ಕುದುರೆ ತಾನಾಗಿ ಮೇಲೆ ಬರಲಾರದು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಹಚ್ಚಿ ಜೋರಾಗಿ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರ್‌ಗಳ ದಾರಿಯನ್ನೂ, ಹುಲ್ಲು ಮುಚ್ಚಿದ ಹಳೆಯ ಬಾವಿಗಳನ್ನೂ ನಕ್ಷೆಯಲ್ಲಿ ಗುರುತಿಸಿ ಅತಿಥಿಗಳ ಕೈಗೆ ಕೊಡಿ. ಮೊದಲ ಸುತ್ತಿಗೆ ಊರಿನ ದಾರಿ ಬಲ್ಲವರೊಬ್ಬರು ಜೊತೆಗೆ ಹೋಗಲಿ.