ಕೊಡೆಕಡ್ಡಿ ಚುಚ್ಚಿ ನೋಡಿ, ಆಮೇಲೆ ಪೈಪ್ ಹಿಡಿಯಿರಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹುಲ್ಲಿಗೆ ನೀರು ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಬಡಾವಣೆಯ ಒಂದೇ ಸಾಲಿನಲ್ಲಿ ಐದಾರು ಮನೆಯವರು ಹಾಗೇ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪೈಪು. ಮೇಲಿಂದ ಮೇಲೆ ಚಿಮುಕಿಸಿ ಒಳಗೆ ಹೋಗುತ್ತಾರೆ. ಅರ್ಧ ನೀರು ಬಿಸಿಲಿಗೆ ಆರುತ್ತದೆ, ಉಳಿದದ್ದು ರಸ್ತೆಗೆ ಹರಿಯುತ್ತದೆ. ಕುಡಿಯಲಿಕ್ಕೆಂದು ಬರುವ ತುಂಗೆಯ ನೀರು ಅದು! ವಾರ ಕಳೆದ ಮೇಲೆ "ಅಮ್ಮಾ, ಎಷ್ಟು ನೀರು ಹಾಕಿದ್ರೂ ಹುಲ್ಲು ಕೆಂಪಾಗ್ತಿದೆ" ಅಂತ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಕೆಂಪಾಗದೆ ಇನ್ನೆಂತ ಆಗಬೇಕು ಮಾರಾಯ್ರೇ?

ನಾನು ತೀರ್ಥಹಳ್ಳಿ ಕಡೆಯವಳು. ಊರಮನೆಯ ಅಂಗಳದಲ್ಲಿ ಒಂದು ಎಸಳು ಹುಲ್ಲು ಎದ್ದರೂ ಅತ್ತೆ ಬಿಡುತ್ತಿರಲಿಲ್ಲ. ಅಡಿಕೆ ಹರವುವ ಅಂಗಳ, ಸಗಣಿ ಸಾರಿಸಿ ನುಣ್ಣಗೆ ಇಡಬೇಕಿತ್ತು. ಬೋರ್ಡುಗಳಲ್ಲಿ ಶಿಮೊಗ ಹೋಗಿ ಶಿವಮೊಗ್ಗ ಬಂತಲ್ಲ, 2014ರಲ್ಲಿ, ಆ ವರ್ಷ ಮಗನ ಮನೆಗೆ ಬಂದೆ. ಇಲ್ಲಿ ಮನೆ ಮುಂದೆ ಹುಲ್ಲು ಇರಲೇಬೇಕು ಅಂತ ಬಡಾವಣೆಯ ನಿವಾಸಿಗಳ ಸಂಘದ ನಿಯಮ. ಮೊದಮೊದಲು ಸಿಟ್ಟು ಬಂತು. ನೋಡ್ತಾ ನೋಡ್ತಾ ಅದೂ ಒಂದು ಬೆಳೆಯೇ ಅನಿಸಿತು. ಬೆಳೆ ಅಂದಮೇಲೆ ಮೇಲಿನ ಹಸಿರು ನೋಡಿದರೆ ಸಾಲದು, ಬೇರು ನೋಡಬೇಕು. ನೀರು ಎಲ್ಲಿಯವರೆಗೆ ಇಳಿಯುತ್ತದೋ ಬೇರು ಅಲ್ಲಿಯವರೆಗೇ ಇಳಿಯುವುದು. ದಿನಾ ಮೇಲುಮೇಲೆ ಚಿಮುಕಿಸಿದರೆ ಬೇರು ಮೇಲೇ ಕೂರುತ್ತದೆ, ಒಂದು ದಿನ ನಲ್ಲಿ ಬರದಿದ್ದರೆ ಸುಟ್ಟುಹೋಗುತ್ತದೆ.

ಅದಕ್ಕೇ ಕೊಡೆಕಡ್ಡಿ. ಮಲೆನಾಡಿನವರ ಮನೆಯಲ್ಲಿ ಮುರಿದ ಕೊಡೆ ಇಲ್ಲದೆ ಇರುತ್ತದೆಯೇ? ಈಗಿನ ಮಡಚುವ ಕೊಡೆಯ ಕಡ್ಡಿ ಬೇಡ, ಅದು ಬಾಗುತ್ತದೆ. ಹಳೆಯ ಕಾಲದ ಉದ್ದ ಕೊಡೆಯದ್ದು ಬೇಕು, ಗಟ್ಟಿ ಉಕ್ಕಿನದ್ದು. ಅದಕ್ಕೆ ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ತೋಡು ಇರುತ್ತದೆ, ನೋಡಿ. ನನ್ನ ಹತ್ತಿರ ಇರುವುದು ಮಾವನವರ ಕೊಡೆಯ ಕಡ್ಡಿ. ತುದಿಯನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಚೂಪು ಮಾಡಿ, ಹಿಡಿಯುವ ಕಡೆ ಹಳೇ ಸೀರೆಯ ಅಂಚು ಸುತ್ತಿದ್ದೇನೆ. ನೀರು ಬಿಟ್ಟು ಒಂದು ಗಳಿಗೆ ಆದಮೇಲೆ ಹುಲ್ಲಿನ ನಡುವೆ ನೆಟ್ಟಗೆ ಚುಚ್ಚಬೇಕು. ಹಸಿ ಇದ್ದಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ, ಒಣ ಮಣ್ಣು ಸಿಕ್ಕ ಕೂಡಲೇ ಗಕ್ಕನೆ ನಿಲ್ಲುತ್ತದೆ. ಆಗ ಒತ್ತಬೇಡಿ. ಅರ್ಧ ಸುತ್ತು ತಿರುಗಿಸಿ ಮೆಲ್ಲಗೆ ಎಳೆಯಿರಿ. ತೋಡಿನಲ್ಲಿ ಮಣ್ಣು ಅಂಟಿಕೊಂಡು ಬರುತ್ತದೆ. ಉಗುರಿನಿಂದ ಕೆರೆದು ಬೆರಳಲ್ಲಿ ಉಂಡೆ ಮಾಡಿ. ಉಂಡೆ ಕಟ್ಟಿದರೆ ನೀರು ಮುಟ್ಟಿದೆ, ಪುಡಿಯಾಗಿ ಉದುರಿದರೆ ಮುಟ್ಟಿಲ್ಲ. ತೋರುಬೆರಳಿನಷ್ಟು ಉದ್ದ ಹಸಿಯಾಗಿರಲೇಬೇಕು. ಒಂದೇ ಕಡೆ ಚುಚ್ಚಿ ಸಮಾಧಾನ ಪಟ್ಟುಕೊಳ್ಳಬೇಡಿ. ಗೋಡೆಯ ಬುಡ, ನಡು, ಗೇಟಿನ ಮಗ್ಗುಲು, ಮೂರು ಕಡೆ ನೋಡಿ. ಗೋಡೆಯ ಕಾವಿಗೆ ಬುಡದಲ್ಲಿ ಯಾವಾಗಲೂ ಬೇಗ ಒಣಗುತ್ತದೆ.

ನೀರು ಕೊಡುವುದು ಬೆಳಕು ಹರಿಯುವ ಹೊತ್ತಿಗೆ, ಎರಡು ಕಂತಿನಲ್ಲಿ. ನಮ್ಮ ಕೆಂಪು ಮಣ್ಣು ಒಣಗಿ ಹೆಪ್ಪುಗಟ್ಟಿದರೆ ಮೊದಲ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲು ಮಣ್ಣಿನ ಬಾಯಿ ಒದ್ದೆಯಾಗುವಷ್ಟು ಕೊಡಿ. ಒಳಗೆ ಹೋಗಿ ಕಾಫಿ ಸೋಸಿ ಕುಡಿದು ಬನ್ನಿ. ಆಮೇಲೆ ಹೊಟ್ಟೆ ತುಂಬ ಕೊಡಿ. ಇಷ್ಟಾದರೆ ದಿನಾ ಬೇಡ. ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡಿ, ತುಳಿದ ಹೆಜ್ಜೆ ಏಳದೆ ಹಾಗೇ ಉಳಿದಿದ್ದರೆ ಮತ್ತೆ ನೀರಿನ ಹೊತ್ತು ಬಂತು ಅಂತ. ರಾತ್ರಿ ನೀರು ಬಿಟ್ಟರೆ ಎಲೆ ಬೆಳಗಿನವರೆಗೂ ಒದ್ದೆ ಇದ್ದು ಬೂಸಲು ರೋಗ ಹಿಡಿಯುತ್ತದೆ.

ಕತ್ತರಿಸುವುದರಲ್ಲೂ ಅವಸರವೇ. ತಿಂಗಳು ಬಿಟ್ಟು ಒಂದೇ ಸಲ ಬೋಳಿಸುತ್ತಾರೆ! ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ, ಬೇಸಿಗೆಯಲ್ಲಿ ಎರಡು ಬೆರಳು ಎತ್ತರವಾದರೂ ಉಳಿಯಲಿ, ಬುಡಕ್ಕೆ ಅದೇ ನೆರಳು. ಕತ್ತರಿಸಿದ ಚೂರು ಅಲ್ಲೇ ಬಿದ್ದಿರಲಿ. ಒಣ ನೆಲಕ್ಕೆ ಯೂರಿಯಾ ಎರಚಲೇಬೇಡಿ, ಹಸಿ ಸಗಣಿಯೂ ಬೇಡ. ಜೇಕಿನ ಹುಲ್ಲನ್ನು ಮೇಲಿಂದ ಕಿತ್ತರೆ ಏನೂ ಉಪಯೋಗವಿಲ್ಲ, ಅಡಿಯ ಗಡ್ಡೆ ಸಮೇತ ಬರಬೇಕು.

ಹಾಗೇ ಇನ್ನೊಂದು. ಹಲಸಿನ ಹಪ್ಪಳವನ್ನು ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಸಿ ಒಣಗಿಸುವುದನ್ನು ಮೊನ್ನೆ ನೋಡಿದೆ. ಅಡಿಯಲ್ಲಿ ಹುಲ್ಲು ಬೆಂದು ಹಳದಿಯಾಯಿತು, ಹಪ್ಪಳವೂ ಬೆವರಿ ಅಂಟಿಕೊಂಡಿತು. ತಾರಸಿಯಲ್ಲಿ ಚಾಪೆ ಹಾಸಿ, ಮೇಲೆ ಪಂಚೆ ಹಾಸಿ ಒಣಗಿಸಿ.

ಮೇ ಬಂತೆಂದರೆ ಎಲ್ಲರಿಗೂ ಇರಚಲಿನ ನೆನಪಾಗುತ್ತದೆ. ಸಿಟೌಟಿಗೆ ತಗಡಿನ ಶೀಟು, ಕಾಂಪೌಂಡಿಗೆ ಹೊಸ ಬಣ್ಣ, ಎಲ್ಲ ಒಟ್ಟಿಗೇ. ಇದಕ್ಕೆಲ್ಲ ಸಂಘದ ಒಪ್ಪಿಗೆ ಬೇಕು, ಅದರ ಕಮಿಟಿ ಕೂರುವುದೋ ತಿಂಗಳಿಗೊಮ್ಮೆ. ನೀವು ಮೇ ಕೊನೆಗೆ ಅರ್ಜಿ ಕೊಟ್ಟರೆ ಒಪ್ಪಿಗೆ ಬರುವುದು ಮಳೆ ಹಿಡಿದ ಮೇಲೆ. ಯುಗಾದಿ ಹೋಳಿಗೆ ಮುಗಿದ ಕೂಡಲೇ ಬರೆದು ಕೊಡಿ. ಶೀಟಿನ ಅಳತೆ, ಬಣ್ಣದ ಚೂರು, ಈಗಿನ ಮನೆಯ ಒಂದು ಫೋಟೋ ಇರಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ ಅನ್ನುವುದನ್ನಂತೂ ಗೆರೆ ಎಳೆದು ತೋರಿಸಿ. ಪಕ್ಕದವರ ಹುಲ್ಲಿಗೆ ಬಿದ್ದರೆ ಒಂದೇ ಮಳೆಗಾಲದಲ್ಲಿ ಅಲ್ಲಿ ಗುಂಡಿಯಾಗುತ್ತದೆ. ಅವರನ್ನು ಮೊದಲೇ ಮನೆಗೆ ಹೋಗಿ ಕೇಳಿ. ಎರಡು ಪ್ರತಿ ಮಾಡಿ, ಒಂದಕ್ಕೆ ತಾರೀಖು ಹಾಕಿಸಿ ಸಹಿ ತೆಗೆದುಕೊಂಡು ಬನ್ನಿ.

ನಮ್ಮನೆಯಲ್ಲೇ ಅನುಭವ ಆಗಿದೆ. ಕಮಿಟಿಯ ಒಬ್ಬರು ವಾಕಿಂಗ್ ಹೋಗುವಾಗ "ಹಾಕಿ, ತೊಂದರೆ ಇಲ್ಲ" ಅಂದರು. ಮಗ ವೆಲ್ಡಿಂಗಿನವರನ್ನು ಕರೆಸಿದ. ಮುಂದಿನ ಮೀಟಿಂಗಿನಲ್ಲಿ ಅಂಥ ಮಾತೇ ಆಡಿಲ್ಲ ಅಂದರು. ಕಂಬ ಕಿತ್ತು ಎರಡಡಿ ಹಿಂದೆ ನೆಡಿಸಿದೆವು. ಕೂಲಿ ಎರಡು ಸಲ, ನಾನು ಬೆಳೆಸಿದ ಹುಲ್ಲು ಪೂರಾ ಕಾಲಡಿಗೆ.

ಸಂಘ ಒಪ್ಪಿದರೂ ಗೋಡೆ ಎಬ್ಬಿಸಲು, ಕೋಣೆ ಸೇರಿಸಲು ಮಹಾನಗರ ಪಾಲಿಕೆಯ ಪರವಾನಗಿ ಬೇರೆಯೇ ಬೇಕು. ಅಂಗಳದ ಮರಕ್ಕೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಕೆಲವು ಜಾತಿಗೆ ವಿನಾಯಿತಿ ಇದೆ, ಉಳಿದದ್ದಕ್ಕೆ 1976ರ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ಹುಲ್ಲೇ ಬೇಡವೆಂದು ಇಂಟರ್‌ಲಾಕ್ ಹಾಕಿಸುವವರೂ ಕೇಳಿಯೇ ಹಾಕಿಸಿ. ಮಣ್ಣು ಕುಡಿಯುತ್ತಿದ್ದ ಮಳೆನೀರು ಆಮೇಲೆ ಯಾರ ಗೇಟಿಗೆ ನುಗ್ಗಬೇಕು?

ಭರಣಿ ಮಳೆ ಒಂದೆರಡು ಬಿದ್ದರೆ ಹುಲ್ಲು ತಾನೇ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಬೆಳಗಿನ ಅರ್ಧ ಗಂಟೆ ಅದಕ್ಕೆ ಕೊಡಿ. ಕಡ್ಡಿ ಇಲ್ಲದವರು ನಮ್ಮನೆಗೆ ಬನ್ನಿ, ಅಟ್ಟದ ಮೇಲೆ ಇನ್ನೂ ಎರಡು ಹಳೇ ಕೊಡೆ ಇವೆ.