ಶೀಟ್ ಶೆಡ್ಡಿಗೆ ಇನ್ಸುಲೇಶನ್: ಏನು ಹಾಕ್ಸೋದು, ಹೇಗೆ ಹಾಕ್ಸೋದು?

ಜನವರಿ ತಿಂಗ್ಳು, ಬೆಳಿಗ್ಗೆ ಆರು ಗಂಟೆ, ಗೋಡೌನ್ ಬಾಗ್ಲು ತೆಗೆದ್ರೆ ಮೇಲಿಂದ ಟಪ್ ಟಪ್ ಅಂತ ಹನಿ. ಮಳೆ ನೋಡಿ ಎಷ್ಟೋ ದಿನ ಆಗಿತ್ತು. ಶೀಟೇ ತೂತು ಅನ್ಕೊಂಡು ಒಂದೊಂದು ಸ್ಕ್ರೂಗೂ ಸಿಲಿಕಾನ್ ಬಳಿಸ್ದೆ, ದುಡ್ಡು ಹೋಯ್ತು, ಹನಿ ನಿಲ್ಲಲಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಕಂಬ ನಿಲ್ಸಿ ಸುತ್ತ ತಗಡು ಹೊಡ್ಸಿರೋ ಯಾರನ್ನ ಕೇಳಿದ್ರೂ ಇದೇ ಕಥೆ ಹೇಳ್ತಾರೆ.

ಆದ್ರಿಂದ ಅಂಗಡಿಗೆ ಹೋಗೋಕ್ ಮುಂಚೆ ಒಂದು ಕೆಲ್ಸ ಮಾಡಿ. ಬಿಸ್ಲು ಬೀಳೋಕ್ ಮುಂಚೆ ಏಣಿ ಹಾಕಿ ಟಾರ್ಚ್ ಹಿಡ್ಕೊಂಡು ಶೀಟಿನ ಅಡಿಗೆ ಅಂಗೈ ಆಡ್ಸಿ. ಸ್ಕ್ರೂ ಸುತ್ತ ಮಾತ್ರ ಒದ್ದೆ, ಕೆಳಗೆ ತುಕ್ಕಿನ ಗೆರೆ ಇದ್ರೆ ಸೋರಿಕೆ, ರಬ್ಬರ್ ವಾಷರ್ ಬದ್ಲಾಯ್ಸಿದ್ರೆ ಮುಗೀತು. ಇಡೀ ಶೀಟೇ ಬೆವ್ತಿದ್ರೆ ಅದು ಇಬ್ಬನಿ. ಆಕಾಶ ತಿಳಿಯಾಗಿರೋ ರಾತ್ರಿ ತಗಡು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗತ್ತೆ, ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ನೀರಾಗತ್ತೆ. ಒಳಗೆ 20 ಡಿಗ್ರಿ, ತೇವಾಂಶ ಶೇ 85 ಇದ್ರೆ ಶೀಟು ಸುಮಾರು 17 ಡಿಗ್ರಿಗೆ ಇಳಿದ್ರೆ ಸಾಕು, ಬೆವರು ಶುರು. ತೇವ ಶೇ 10ಕ್ಕೆ ಇಳಿಯೋ ಹಾಗೆ ಒಣಗ್ಸಿಟ್ಟ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಗಿನ ತೆಳು ಹೊಟ್ಟು ಇನ್ನೂ ಇರೋ ಕಾಫಿ ಬೀಜ) ಚೀಲದ ಮೇಲೆ ಇದು ಬಿದ್ರೆ ಬೂಷ್ಟು ಗ್ಯಾರಂಟಿ.

ಅರಸೀಕೆರೆ ಕಡೆಯವ್ರಿಗೆ ತಲೆನೋವು ಬೇರೆ, ಅಲ್ಲಿ ಬೇಸಿಗೆ ಮಧ್ಯಾಹ್ನ ಶೆಡ್ ಒಳಗೆ ನಿಲ್ಲಕ್ಕಾಗಲ್ಲ. ಬಿಸ್ಲೊಂದೇ ಸಮಸ್ಯೆ ಅಂದ್ರೆ ಫಾಯಿಲ್ ಇರೋ ಬಬಲ್ ಶೀಟ್ ಅಗ್ಗಕ್ಕೆ ಕೆಲ್ಸ ಮಾಡತ್ತೆ. ಆದ್ರೆ ತಗಡಿಗೆ ಅಂಟಿಸ್ಬೇಡಿ, ನಡುವೆ ಒಂದು ಇಂಚಾದ್ರೂ ಖಾಲಿ ಜಾಗ ಬಿಡಿ, ಹೊಳೆಯೋ ಮುಖ ಕೆಳಗಿರ್ಲಿ. ಮೇಲ್ಮುಖ ಮಾಡಿದ್ರೆ ಧೂಳು ಕೂತು ಹೊಳಪು ಹೋಗತ್ತೆ, ಹೊಳಪು ಹೋದ್ರೆ ಕೆಲ್ಸಾನೂ ಹೋಯ್ತು.

ಮಲೆನಾಡಿಗೆ ಬರೋಣ. ಶೆಡ್ ಆಗ್ಲೇ ಎದ್ದಿದ್ರೆ ನನ್ ಓಟು 10 ಎಂಎಂ ಎಕ್ಸ್‌ಎಲ್‌ಪಿಇ ಫೋಮಿಗೆ (ಸಣ್ಣ ಗುಳ್ಳೆಗಳಿರೋ ಪಾಲಿಥೀನ್ ಹಾಳೆ), ಹಿಂದೆ ಗಮ್ ಇರೋದು, ಶೀಟಿನ ಅಡಿಗೆ ಅಂಟಿಸ್ಬೋದು, ನೀರು ಹೀರಲ್ಲ, ಮಳೆ ಸದ್ದೂ ತಗ್ಗತ್ತೆ. ತಗಡನ್ನ ಒರ್ಸಿ, ಎಣ್ಣೆ ಧೂಳು ತೆಗೆದು, ಒಣಗಿರೋ ಮಧ್ಯಾಹ್ನ ಅಂಟ್ಸಿ, ಒದ್ದೆ ಮೇಲೆ ಅಂಟ್ಸಿದ್ರೆ ಕಳಚ್ಕೊಂಡು ಬೀಳತ್ತೆ. ಜಾಯಿಂಟಿಗೆಲ್ಲಾ ಫಾಯಿಲ್ ಟೇಪ್.

ಹೊಸದಾಗಿ ಕಟ್ತಿದ್ರೆ, ಕೈಯಲ್ಲಿ ಕಾಸಿದ್ರೆ, ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಗಟ್ಟಿ ಪಾಲಿಯುರೆಥೇನ್ ಫೋಮು ತುಂಬಿರೋ ಹಲಗೆ) ನೋಡಿ. 50 ಎಂಎಂ ಪಫ್ ತಡೆಯೋಷ್ಟು ಶಾಖ ಗ್ಲಾಸ್‌ವುಲ್ (ಗಾಜಿನ ಎಳೆಯ ಹತ್ತಿಯಂಥ ಹಾಸು) ತಡೀಬೇಕು ಅಂದ್ರೆ ಹತ್ರತ್ರ 80 ಎಂಎಂ ಬೇಕು. ಗ್ಲಾಸ್‌ವುಲ್ ಕೆಟ್ಟದ್ದೇನಲ್ಲ, ಆದ್ರೆ ಹಾಕೋರು ಕೆಡಿಸ್ತಾರೆ: ಪರ್ಲಿನ್ (ಶೀಟ್ ಹೊರೋ ಅಡ್ಡ ಪಟ್ಟಿ) ಮೇಲೆ ಹಾಸಿ ಶೀಟ್ ಬಿಗಿದ್ರೆ ಆ ಜಾಗದಲ್ಲಿ ಅಪ್ಪಚ್ಚಿಯಾಗಿ ಮತ್ತೆ ಅದೇ ಸಾಲಲ್ಲಿ ಹನಿ, ಹಾಗಾಗಿ ಶೀಟನ್ನ ಪರ್ಲಿನ್‌ನಿಂದ ಎತ್ತಿ ಹಿಡಿಯೋ ಸ್ಪೇಸರ್ ಕೇಳಿ ಹಾಕಿಸ್ಕೊಳ್ಳಿ. ಫಾಯಿಲ್ ಮುಖ ಒಳಗಡೆಗೆ ಬರ್ಬೇಕು, ಟೇಪ್ ಬಿಡದ ಹಾಗೆ ಇರ್ಬೇಕು, ಒಂದ್ಸಲ ಹಬೆ ಒಳಹೊಕ್ಕು ಒದ್ದೆ ಆದ್ರೆ ಅದು ಗೋಣಿಚೀಲಕ್ಕೆ ಸಮ. ಥರ್ಮೋಕೋಲ್ ಅಗ್ಗ ಹೌದು, ಆದ್ರೆ ತೆರೆದು ಬಿಟ್ರೆ ಇಲಿಗೂ ಇರುವೆಗೂ ನೀವೇ ಮನೆ ಕಟ್ಸಿ ಕೊಟ್ಟಂಗೆ. ಇನ್ನು ಶೆಡ್ ಒಳಗೆ ಸೌದೆ ಒಲೆಯ ಡ್ರೈಯರ್ ಇದ್ರೆ ಹೊಗೆ ಪೈಪಿನ ಸುತ್ತ ಫೋಮು, ಥರ್ಮೋಕೋಲ್, ಪಫ್ ಯಾವ್ದೂ ಬೇಡ, ಎಲ್ಲಾ ಹತ್ಕೊಂಡು ಉರಿಯೋವೇ, ಅಲ್ಲಿಗೆ ರಾಕ್‌ವುಲ್ (ಕಲ್ಲು ಕರಗ್ಸಿ ಮಾಡಿದ ಎಳೆಯ ಹಾಸು) ಒಂದೇ.

ಸ್ಪ್ರೇ ಪಫ್ ಹೊಡ್ಸಿ ಅಂತ ಒಬ್ರು ತುಂಬಾ ಹೇಳಿದ್ರು. ಸಂದಿಗೊಂದೀಲೆಲ್ಲಾ ಹಿಡ್ಕೊಳ್ಳತ್ತೆ, ಬೆವರೋದು ನಿಲ್ಲತ್ತೆ, ಸರಿ. ಆದ್ರೆ ನಾಳೆ ಶೀಟು ಸೋರಿದ್ರೆ ಎಲ್ಲಿ ಅಂತ ಗೊತ್ತಾಗಲ್ಲ, ಬದ್ಲಾಯ್ಸೋಕೆ ಬಿಚ್ಚಕ್ಕೂ ಆಗಲ್ಲ. ನಾನು ಒಪ್ಲಿಲ್ಲ.

ಕೊನೇ ಕೆಲ್ಸ ಗಾಳಿದು. ನಮ್ ಗೋಡೌನಲ್ಲಿ ಅಷ್ಟು ತೇವ ಎಲ್ಲಿಂದ ಬಂತು ಅಂತ ನೋಡಿದ್ರೆ, ಕಣದಲ್ಲಿ ಅರ್ಧ ಒಣಗಿದ ಚೆರಿನ (ಸಿಪ್ಪೆ ಸಮೇತ ಒಣಗ್ಸೋ ಕಾಫಿ ಹಣ್ಣು) ಮಂಜಿಗೆ ಹೆದ್ರಿ ದಿನಾ ಸಂಜೆ ಒಳಗೇ ಗುಡ್ಡೆ ಹಾಕಿಸ್ತಿದ್ದೆ, ಬಾಗ್ಲು ಬೇರೆ ಭದ್ರ. ಈಗ ಅದು ಕಣದಲ್ಲೇ ಟಾರ್ಪಾಲ್ ಅಡಿ ಮಲಗತ್ತೆ, ಶೆಡ್ಡಿನ ನೆತ್ತಿ ಉದ್ದಕ್ಕೂ ಗಾಳಿಕಿಂಡಿ ಬಿಡ್ಸಿ, ಅಳಿಲು ನುಗ್ಗದ ಹಾಗೆ ಸಣ್ಣ ಮೆಶ್ ಹೊಡ್ಸಿದೀನಿ.