ಗಲ್ಲಾ ಕೆಳಗಿನ ಕಂಪ್ಯೂಟರ್‌ಗೆ ಉಸಿರಾಡಲು ಕಲಿಸಿದ್ದು

ಮೊನ್ನೆ ಮಾಟುಂಗಾದ ಹೋಟೆಲಿಗೆ ಹೋಗಿ ಬಿಲ್ಲಿಂಗ್ ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿದೆ. ಕೂರಿಸಿ ಹೆಚ್ಚುಕಡಿಮೆ 22 ತಿಂಗಳಾಗಿತ್ತು. ಒಳಗೆ ತೆಳ್ಳಗೆ ಒಂದು ಪದರ ಧೂಳು, ಅಷ್ಟೇ. ಬೆರಳಾಡಿಸಿದರೆ ಅಂಟಲಿಲ್ಲ. ಊದಿದರೆ ಹಾರಿತು. ಹೋಟೆಲ್ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಇದೆಷ್ಟು ದೊಡ್ಡ ಮಾತು ಅಂತ ಗೊತ್ತು. ಫೋಟೋ ತೆಗೆದು, ನನ್ನ ಜೊತೆಗೇ ಕೆಲಸ ಕಲಿತ ಗೆಳೆಯನಿಗೆ ಕಳಿಸಿದೆ. "ಕ್ಲೀನ್ ಮಾಡಿ ಆಮೇಲೆ ತೆಗೆದದ್ದಲ್ವಾ ಮಾರಾಯ?" ಎಂದ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಿಲಿ. ಗಿರಾಕಿಗಳು ಹೆಚ್ಚಿನವರು ನಮ್ಮೂರ ಕಡೆಯ ಹೋಟೆಲಿನವರೇ. ಮಾಟುಂಗಾ, ಘಾಟ್ಕೋಪರ್, ಮುಲುಂಡ್ ಸೇರಿ ಹದಿನೇಳೋ ಹದಿನೆಂಟೋ ಗಲ್ಲಾ. ಎಲ್ಲ ಕಡೆ ಒಂದೇ ಕತೆ. ಗಲ್ಲಾದ ಮರದ ಪೆಟ್ಟಿಗೆಯೊಳಗೆ ಕಂಪ್ಯೂಟರ್. ಹತ್ತು ಹನ್ನೆರಡು ಅಡಿ ದೂರದಲ್ಲಿ ದೋಸೆ ಕಾವಲಿ. ಆರು ತಿಂಗಳಿಗೆ ಒಳಗೆಲ್ಲ ಕಂದು ಬಣ್ಣದ ಅಂಟು. ಎಣ್ಣೆಯ ಹೊಗೆಗೆ ಧೂಳು ಕಚ್ಚಿಕೊಂಡು ಒಂಥರಾ ಮೇಣದ ಹಾಗಾಗಿರುತ್ತದೆ. ಬ್ಲೋವರ್ ಹಿಡಿದರೆ ಅಲ್ಲಾಡುವುದಿಲ್ಲ. ಐಪಿಎ (ಕ್ಲೀನಿಂಗ್ ಆಲ್ಕೋಹಾಲ್) ಹಾಕಿ, ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಬೇಕು. ಒಳಗೆ ಕರೆಂಟ್ ಕೊಡುವ ಡಬ್ಬ, ಎಸ್‌ಎಂಪಿಎಸ್, ಬಿಚ್ಚಿದರೆ ಜಿರಳೆ ಸಂಸಾರ.

ಮೊದಲು ಸಾಯುತ್ತಿದ್ದದ್ದು ಮುಂದಿನ ಯುಎಸ್‌ಬಿ ಪೋರ್ಟ್. ಪೆನ್ ಡ್ರೈವ್ ಹಾಕಿದರೆ ಕಾಣಿಸುವುದಿಲ್ಲ. ನಾನು ಬಹಳ ವರ್ಷ ಕಳಪೆ ಮಾಲು ಅಂದುಕೊಂಡಿದ್ದೆ. ಪೋರ್ಟ್ ಬದಲಿಸಿ, 300 ರೂಪಾಯಿ ಇಸಕೊಂಡು ಬರುತ್ತಿದ್ದೆ.

ನಿಜ ಗೊತ್ತಾದದ್ದು ಊದುಬತ್ತಿಯಿಂದ. ಒಂದು ದಿನ ಬೆಳಿಗ್ಗೆ ಧಣಿಗಳು ಗಲ್ಲಾದ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದರು. ನಾನು ಕೆಳಗೆ ಕೂತು ವೈರ್ ಸಿಗಿಸುತ್ತಿದ್ದೆ. ಹೊಗೆಯ ಒಂದು ಎಳೆ ಕೆಳಗಿಳಿದು ಬಂತು, ಕಂಪ್ಯೂಟರಿನ ಕ್ಯಾಬಿನೆಟ್ ಮುಂದೆ ಒಂದು ಕ್ಷಣ ನಿಂತು, ಸೀದಾ ಯುಎಸ್‌ಬಿ ತೂತಿನೊಳಗೆ ಹೋಯಿತು. ದಾರ ಪೋಣಿಸಿದ ಹಾಗೆ! ಕೇಳಿ ಇನ್ನೊಂದು ಊದುಬತ್ತಿ ಇಸಕೊಂಡೆ. ಡಿವಿಡಿ ಡ್ರೈವಿನ ಸಂದಿ, ಪವರ್ ಬಟನ್ ಸುತ್ತಲಿನ ಗೆರೆ, ಆಡಿಯೋ ಜ್ಯಾಕ್, ಎಲ್ಲದರ ಹತ್ತಿರ ಹಿಡಿದೆ. ಎಲ್ಲವೂ ಹೊಗೆ ಎಳೆಯುತ್ತಿದ್ದವು.

ಹಳೇ ನಮೂನೆಯ ಕ್ಯಾಬಿನೆಟ್ ಅದು. ಎಸ್‌ಎಂಪಿಎಸ್ ಮೇಲೆ, ಅದರ ಫ್ಯಾನ್ ಒಳಗಿನ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಒಳಗೆ ತರಲು ಒಂದೂ ಫ್ಯಾನ್ ಇಲ್ಲ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕಲ್ವಾ? ಸಿಕ್ಕ ಸಂದಿಯಲ್ಲೆಲ್ಲ ಬರುತ್ತಿತ್ತು. ಪೋರ್ಟಿನ ಕಾಂಟ್ಯಾಕ್ಟ್ ಮೇಲೆ ಒಗ್ಗರಣೆ ಹೊಗೆ ಹರಿದರೆ ಕಪ್ಪಾಗದೆ ಇನ್ನೇನು?

ಇಷ್ಟು ಗೊತ್ತಾದ ಮೇಲೂ ನಾನು ಸರಿಯಾದ ದಾರಿ ಹಿಡಿಯಲಿಲ್ಲ. ಬಿಸಿ ಜಾಸ್ತಿ ಇದೆ, ಹೊರಗೆ ಹಾಕೋಣ ಅಂತ ಹಿಂದೆ ಒಂದು, ಪಕ್ಕಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಟೆಂಪರೇಚರ್ ಏಳೆಂಟು ಡಿಗ್ರಿ ಇಳಿಯಿತು. ಖುಷಿಯಾದೆ. ಎರಡೇ ತಿಂಗಳಿಗೆ ಒಳಗೆ ಮೊದಲಿಗಿಂತ ಹೆಚ್ಚು ಅಂಟು. ಎಳೆಯುವ ಬಾಯಿಗೆ ಇನ್ನಷ್ಟು ಬಲ ಕೊಟ್ಟಿದ್ದೆ, ಅಷ್ಟೇ.

ಎರಡನೆಯ ತಪ್ಪು ದುಬಾರಿಯದು. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನಲ್ಲಿ ಗಾಜಿನ ಬಾಗಿಲಿನ, ಮೂರು ಬಣ್ಣದ ಫ್ಯಾನಿನ ಕ್ಯಾಬಿನೆಟ್ ನೋಡಿ ಮರುಳಾದೆ. ಸುಮಾರು 4,200 ಕೊಟ್ಟೆ. ಗ್ರ್ಯಾಂಟ್ ರೋಡಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ಸೆಂಟ್ರಲ್ ಲೈನ್. ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಆ ಡಬ್ಬ ತಬ್ಬಿಕೊಂಡು ನಿಂತು ಬಂದೆ. ಗಾಜಿಗೆ ಒಂದು ಗೀರೂ ಆಗಲಿಲ್ಲ. ಮರುದಿನ ಹೋಟೆಲಿನಲ್ಲಿ ಗಾಜು ಬಿಚ್ಚಿ, ಗೋಡೆಗೆ ಒರಗಿಸಲು ಟೈಲ್ಸ್ ಮೇಲೆ ಮೂಲೆ ತಾಗಿಸಿದೆ ನೋಡಿ, ಠಪ್ ಅಂತ ಇಡೀ ಗಾಜು ಕಲ್ಲುಸಕ್ಕರೆ! ಬೆಳಗಿನ ನಾಷ್ಟಾ ಹೊತ್ತು. ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದೇ ಎದ್ದು ನಿಂತರು. ಟಫನ್ಡ್ ಗಾಜಿನ ಅಂಚಿಗೂ ಟೈಲ್ಸಿಗೂ ಆಗಿ ಬರುವುದಿಲ್ಲ. ಗೋಣಿ ಹಾಸಿ ಇಡಿ.

ಗಾಜು ಹೋದದ್ದೇ ಒಳ್ಳೆಯದಾಯಿತೋ ಏನೋ. ಆ ಕ್ಯಾಬಿನೆಟ್ಟಿನ ಮುಂಭಾಗವೂ ಮುಚ್ಚಿದ ಗಾಜೇ. ಫ್ಯಾನಿಗೆ ಗಾಳಿ ಸಿಗುವುದು ಪಕ್ಕದ ಬೆರಳಗಲದ ಸಂದಿಯಿಂದ. ಮೇಲೆ ಪೂರ್ತಿ ಜಾಲರಿ. ಮೇಲಿನ ದೇವರ ಪಟದಿಂದ ಊದುಬತ್ತಿಯ ಬೂದಿ ಜಾಲರಿ ಮೂಲಕ ನೇರ ಮದರ್‌ಬೋರ್ಡಿಗೆ ಅಭಿಷೇಕ.

ಆಮೇಲೆ ತಲೆಗೆ ಹೊಳೆಯಿತು. ಕ್ಯಾಬಿನೆಟ್ ಎಲ್ಲಿಂದ ಉಸಿರು ಎಳೆಯಬೇಕು ಅಂತ ನಾವು ಹೇಳಬೇಕು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇರಲಿ. ಬರುವ ದಾರಿ ಒಂದೇ ಇರಲಿ, ಅಲ್ಲಿ ಫಿಲ್ಟರ್ ಇರಲಿ. ಉಳಿದ ಸಂದಿಗಳೆಲ್ಲ ಗಾಳಿಯನ್ನು ಹೊರಗೆ ಊದುತ್ತವೆ. ಇದಕ್ಕೇ ಪಾಸಿಟಿವ್ ಪ್ರೆಶರ್ ಅನ್ನುವುದು, ಹೊಸ ವಿಷಯವೇನಲ್ಲ. ಆದರೆ ಹೋಟೆಲ್ ಗಲ್ಲಾದಲ್ಲಿ ಇದು ನಡೆಯುತ್ತದೆ ಅಂತ ಯಾರೂ ಒಪ್ಪಲಿಲ್ಲ. ಗೆಳೆಯ "ಫಿಲ್ಟರ್ ವಾರಕ್ಕೆ ಕಟ್ಟಿಕೊಳ್ಳುತ್ತೆ, ಒಳಗೆ ಬೆಂದು ಹೋಗುತ್ತೆ" ಎಂದ. ಧಣಿಗಳು "ಎಂಥದ್ದು ಮಾರಾಯ್ರೆ, ಕಂಪ್ಯೂಟರಿಗೂ ಮಾಸ್ಕಾ?" ಎಂದು ನಕ್ಕರು.

ಕ್ಯಾಬಿನೆಟ್ ಹುಡುಕಲು ಮೂರು ಸಲ ಲ್ಯಾಮಿಂಗ್ಟನ್ ರೋಡ್ ಸುತ್ತಿದೆ. ನನಗೆ ಬೇಕಿದ್ದದ್ದು ಮೇಲೆ ಮುಚ್ಚಿದ್ದು, ತಗಡಿನ ಬಾಗಿಲು, ಮುಂದೆ ಜಾಲರಿ, ಎರಡು 140 ಮಿ.ಮೀ. ಫ್ಯಾನಿಗೆ ಜಾಗ, ಎಸ್‌ಎಂಪಿಎಸ್ ಕೆಳಗೆ, ಜೊತೆಗೆ ಒಂದು 5.25 ಇಂಚಿನ ಬೇ, ಅಂದರೆ ಡಿವಿಡಿ ಡ್ರೈವ್ ಕೂರುವ ಗೂಡು. ಈ ಕೊನೆಯದ್ದೇ ಕಷ್ಟ. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬೇ ಇರುವುದೇ ಅಪರೂಪ. ಒಂದು ಅಂಗಡಿಯ ಅಟ್ಟದಲ್ಲಿ ಧೂಳು ಹಿಡಿದು ಬಿದ್ದಿತ್ತು. ಯಾರಿಗೂ ಬೇಡದ ಕಪ್ಪು ಡಬ್ಬ. 3,400 ಹೇಳಿದ, ಅದಕ್ಕೇ ಎತ್ತಿದೆ. ಚೌಕಾಸಿ ಮಾಡುವ ಮುಖ ಉಳಿದಿರಲಿಲ್ಲ.

ಪ್ರೊಸೆಸರ್ ಮೇಲೆ ಎತ್ತರಕ್ಕೆ ನಿಲ್ಲುವ ಟವರ್ ಕೂಲರಿನಲ್ಲಿ ಮತ್ತೆ ಎಡವಿದೆ. ನನ್ನ ಹತ್ತಿರ 159 ಮಿ.ಮೀ. ಎತ್ತರದ ಕೂಲರ್ ಇತ್ತು. ಕ್ಯಾಬಿನೆಟ್ ಹಿಡಿಸುವುದು 155. ನಾಲ್ಕು ಮಿ.ಮೀ. ತಾನೇ ಅಂತ ಬಾಗಿಲು ಒತ್ತಿ ನೋಡಿದೆ. ತಗಡು ಉಬ್ಬಿತು, ಸ್ಕ್ರೂ ಹಿಡಿಯಲಿಲ್ಲ. ಬೇರೆ ಕೂಲರಿಗೆ ಇನ್ನೊಂದು 1,900. ಐ3, 65 ವ್ಯಾಟಿನ ಸಣ್ಣ ಪ್ರೊಸೆಸರ್ ಚಿಪ್ಪಿಗೆ ಟವರ್ ಯಾಕೆ ಅಂತ ಕೇಳಬಹುದು. ಚಿಪ್ಪಿನ ಜೊತೆ ಬರುವ ಗುಂಡಗಿನ ಕೂಲರ್ ಗಾಳಿಯನ್ನು ಬೋರ್ಡಿನ ಮೇಲೆ ಹೊಡೆದು ಎಲ್ಲ ಕಡೆ ಚದುರಿಸುತ್ತದೆ. ಟವರ್ ಆದರೆ ಮುಂದಿನಿಂದ ಬಂದದ್ದು ಹಿಂದಕ್ಕೆ ನೇರ ಹೋಗುತ್ತದೆ.

ಫಿಲ್ಟರಿಗೆ ಮೊದಲು ಎಲ್ಲರ ಹಾಗೆ ಲೇಡೀಸ್ ಸ್ಟಾಕಿಂಗ್ ಕಟ್ಟಿದೆ, ಎರಡು ಮಡಿಕೆ. ಹೆಂಡತಿ ಕೇಳಿದ ಪ್ರಶ್ನೆ ಇಲ್ಲಿ ಬೇಡ. ಗಾಳಿ ಅರ್ಧಕ್ಕರ್ಧ ನಿಂತಿತು. ಫ್ಯಾನೂ ತಪ್ಪು, ತೆಳ್ಳಗಿನ ಎಲೆಯ, ಬರೀ ಏರ್‌ಫ್ಲೋ ಜಾತಿಯದ್ದು. ಫಿಲ್ಟರ್ ಹಿಂದೆ ಕೆಲಸ ಮಾಡಲು ಅಗಲ ಎಲೆಯ, ಸ್ಟ್ಯಾಟಿಕ್ ಪ್ರೆಶರ್ ಇರುವ, ಅಂದರೆ ಅಡ್ಡಿ ಇದ್ದರೂ ಗಾಳಿ ಎಳೆಯುವ ಫ್ಯಾನೇ ಬೇಕು. ಜೋಡಿಗೆ 1,700 ಆಯಿತು. ಈಗ ಹಾಕುತ್ತಿರುವ ಬಟ್ಟೆ ಬೇರೆ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಯಾವುದು ಅಂತ ಹೇಳುವುದಿಲ್ಲ, ನಾಲ್ಕು ತಿಂಗಳು ಹುಡುಕಿದ್ದೇನೆ. ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಹೊಲಿಸಿದ್ದೇನೆ, ಅಷ್ಟು ಸಾಕು.

ಎಲ್ಲ ಸರಿಹೋಯಿತು ಅಂದುಕೊಂಡೆ. ಮಧ್ಯಾಹ್ನ ಊಟದ ಗಡಿಬಿಡಿಯಲ್ಲಿ ಊದುಬತ್ತಿ ಹಿಡಿದರೆ ಹೊಗೆ ಮತ್ತೆ ಪೋರ್ಟಿನೊಳಗೆ! ಬೆಳಿಗ್ಗೆ ಹೊರಗೆ ಊದುತ್ತಿದ್ದದ್ದು ಮಧ್ಯಾಹ್ನ ಎಳೆಯುತ್ತಿದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಹಿಂದಿನ ಫ್ಯಾನ್ ಪ್ರೊಸೆಸರಿನ ಬಿಸಿ ನೋಡಿ ಓಡುತ್ತಿತ್ತು, ಮುಂದಿನವು ಬೋರ್ಡಿನ ಬಿಸಿ ನೋಡಿ. ಬಿಲ್ ಜಾಸ್ತಿಯಾದಾಗ ಹಿಂದಿನದ್ದು ಮಾತ್ರ ಜೋರು. ಈಗ ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸಿನಲ್ಲಿ ಎಲ್ಲವನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಿದ್ದೇನೆ. ಮುಂದಿನ ಎರಡು ನಿಮಿಷಕ್ಕೆ 800 ಚಿಲ್ಲರೆ ಸುತ್ತು, ಹಿಂದಿನ 120 ಮಿ.ಮೀ. ಸುಮಾರು 600. ಏರಿಳಿತವೇ ಇಲ್ಲ. ಮುಂದಿನ ಎರಡನ್ನೂ ಬೋರ್ಡಿನ ಒಂದೇ ಹೆಡರಿಗೆ (ವೈರ್ ಸಿಗಿಸುವ ಪಿನ್ನುಗಳು) ಸ್ಪ್ಲಿಟರಿನಲ್ಲಿ, ಅಂದರೆ ಕವಲು ವೈರಿನಲ್ಲಿ, ಕೊಟ್ಟಿದ್ದೇನೆ. ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಾಳುತ್ತದೆ, ಫ್ಯಾನಿನ ಮೇಲೆ ಬರೆದದ್ದು ಕೂಡಿಸಿ ನೋಡಿಕೊಳ್ಳಿ.

ಎಸ್‌ಎಂಪಿಎಸ್ ಫ್ಯಾನ್ ಕೆಳಮುಖ, ಅದಕ್ಕೆ ಬೇರೆಯೇ ಫಿಲ್ಟರ್. ನೆಲ ಒರೆಸುವ ಹುಡುಗ ನೀರು ಚೆಲ್ಲುತ್ತಾನೆ, ಅದಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ನಾನು ನಾಲ್ಕಿಂಚು ಸಾಕೆಂದೆ. ಧಣಿಗಳು ಒಂದು ಅಡಿ ಬೇಕೇ ಬೇಕು ಎಂದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಸುರಿದಿತ್ತಲ್ಲ, ಅವತ್ತು ಗಲ್ಲಾದ ಡ್ರಾಯರಿನವರೆಗೆ ನೀರು ಬಂದದ್ದು ಅವರು ಮರೆತಿಲ್ಲ. ಕಿಂಗ್ಸ್ ಸರ್ಕಲ್ ಕಡೆಯವರ ಹತ್ತಿರ ಮಳೆ ವಿಷಯದಲ್ಲಿ ವಾದ ಮಾಡಬಾರದು.

ಮರದ ಪೆಟ್ಟಿಗೆಯ ಹಿಂಬದಿ ಕೊಯ್ಯಿಸದಿದ್ದರೆ ಇಷ್ಟೆಲ್ಲ ಸುಮ್ನೆ. ಬಿಸಿ ಗಾಳಿ ಒಳಗೇ ಸುತ್ತಿ ಮತ್ತೆ ಮುಂದಿನಿಂದ ಬರುತ್ತದೆ. ಸ್ಟ್ಯಾಂಡ್, ಬಡಗಿ ಸೇರಿ 1,200. ಮೇ ತಿಂಗಳ ಮಧ್ಯಾಹ್ನ ಮೊದಲು 88, 90 ಡಿಗ್ರಿ ಬಿಸಿ ತೋರಿಸುತ್ತಿದ್ದದ್ದು ಈಗ 66, 68ರ ಆಸುಪಾಸು.

ಇನ್ನು ಆ 5.25 ಇಂಚಿನ ಬೇ. ಅಲ್ಲಿಗೆ ಎರಡು ಯುಎಸ್‌ಬಿ 3, ಎರಡು ಯುಎಸ್‌ಬಿ 2 ಇರುವ ಪ್ಯಾನೆಲ್ ಹಾಕಿದೆ, 1,100 ರೂಪಾಯಿ. ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ಪ್ಯಾನೆಲ್ ಬದಲಿಸಬಹುದು, ಕ್ಯಾಬಿನೆಟ್ ಮುಟ್ಟುವುದೇ ಬೇಡ. ಯುಎಸ್‌ಬಿ 3ರ ದಪ್ಪ ಕನೆಕ್ಟರ್ ಸಿಗಿಸುವಾಗ ಹೆಡರಿನ ಒಂದು ಪಿನ್ ಮಡಚಿಬಿಟ್ಟೆ. ಸೀಸ ತೆಗೆದ ಪೆನ್ ಪೆನ್ಸಿಲಿನ ತುದಿಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಿದೆ. ಆ ಐದು ನಿಮಿಷ ಉಸಿರು ಬಿಡಲಿಲ್ಲ.

ಹುಡುಗರು ಮೊಬೈಲ್ ಚಾರ್ಜಿಗೆ ಹಾಕಿ ಎಳೆದಾಡಿ ಪೋರ್ಟ್ ಸಡಿಲ ಮಾಡುತ್ತಾರೆ. ಬೈದರೂ ಕೇಳುವುದಿಲ್ಲ. ಅದಕ್ಕೆ ಯುಎಸ್‌ಬಿ 2ರ ಆ ಎರಡು ಪೋರ್ಟಿಗೆ ಒಳಗೆ ವೈರೇ ಕೊಟ್ಟಿಲ್ಲ. ಎದುರಿಗೆ ಕಾಣುವುದು ಅವೇ. ಮೊಬೈಲ್ ಹಾಕುತ್ತಾರೆ, ಚಾರ್ಜ್ ಆಗುವುದಿಲ್ಲ, ಹಾಳಾಗಿದೆ ಅಂತ ಬಿಟ್ಟು ಹೋಗುತ್ತಾರೆ. ಕೆಲಸ ಮಾಡುವ ಎರಡಕ್ಕೆ ರಬ್ಬರ್ ಮುಚ್ಚಳ, ಕಳೆಯದ ಹಾಗೆ ನೈಲಾನ್ ದಾರ. ಪವರ್ ಬಟನ್ ಹೋದ ಹಳೇ ಕ್ಯಾಬಿನೆಟ್ಟುಗಳಲ್ಲಿ ರೀಸೆಟ್ ಬಟನಿನ ವೈರನ್ನೇ ಪವರ್ ಪಿನ್ನಿಗೆ ಹಾಕಿ ಬರುತ್ತೇನೆ. ಎರಡೂ ಒಂದೇ ಥರದ ಸ್ವಿಚ್.

ನಡುವೆ ಧಣಿಗಳ ಮಗನ ಗೇಮಿಂಗ್ ಮೆಷಿನಿಗೆ ಲಿಕ್ವಿಡ್ ಕೂಲರ್ ಹಾಕಿ ನೋಡಿದೆ. ರೇಡಿಯೇಟರ್ ಕೆಳಗೆ ಕೂರಿಸಿದ್ದೆ. ಪಂಪ್ ಮೇಲಾಗಿ ಗಾಳಿಯ ಗುಳ್ಳೆ ಅಲ್ಲಿ ಸೇರಿಕೊಂಡು ಗುಳುಗುಳು ಸದ್ದು. ಮೇಲಕ್ಕೆ ಕೂರಿಸಿದ ಮೇಲೆ ನಿಂತಿತು. ಗಲ್ಲಾಕ್ಕೆ ಅದು ಬೇಡ.

ಒಟ್ಟು ಒಂಬತ್ತು ಚಿಲ್ಲರೆ ಸಾವಿರ, ನನ್ನ ಕೂಲಿ ಬಿಟ್ಟು. ಒಡೆದ ಗಾಜು, ಹಿಡಿಸದ ಕೂಲರ್ ನನ್ನ ಕೈಯಿಂದ ಹೋದದ್ದು. ಮೊದಲು ಅದೇ ಗಲ್ಲಾಕ್ಕೆ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತಿದ್ದೆ, ಸಲಕ್ಕೆ 600. ವರ್ಷಕ್ಕೊಂದು ಎಸ್‌ಎಂಪಿಎಸ್ ಬೇರೆ. ಗೆಳೆಯ "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆ" ಎನ್ನುತ್ತಾನೆ. ಆದರೆ ಧಣಿಗಳೇ ಹೇಳಿ ಇನ್ನೂ ಐದು ಗಲ್ಲಾ ಕೊಡಿಸಿದ್ದಾರೆ. ಅವನಿಗೆ ಎಷ್ಟು ಸಿಕ್ಕಿದೆ?

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಒದ್ದೆ ಹಾಕಬಾರದು ಅಂತ ಎರಡು ಜೊತೆ ಕೊಡುತ್ತೇನೆ. ಮಾಟುಂಗಾದ ಹುಡುಗ ಪಾತ್ರೆ ಸೋಪಿನಲ್ಲಿ ತೊಳೆದು ತನ್ನ ಯೂನಿಫಾರ್ಮ್ ಪಕ್ಕ ನೇತು ಹಾಕುತ್ತಾನೆ. ಮುಲುಂಡಿನ ಹುಡುಗ ಬೇಗ ಒಣಗಲಿ ಅಂತ ಇಡ್ಲಿ ಸ್ಟೀಮರ್ ಮೇಲೆ ಹರವಿದ. ಬಟ್ಟೆ ಸುರುಟಿ ಅಂಗೈಯಷ್ಟಾಗಿದೆ. ನಾಳೆ ಮಂಗಳದಾಸ್ ಮಾರ್ಕೆಟ್ಟಿಗೆ ಹೋಗಿ ಮತ್ತೊಂದು ಮೀಟರ್ ತರಬೇಕು.